ಗೋಡೆಯಾಚೆಯ ಬೂದಿ

ಮಾದನಾಯಕನಹಳ್ಳಿ
೭ ಜುಲೈ ೨೦೨೪, ಭಾನುವಾರ

ಅಕ್ಕ ಸುಮಂಗಲಾ,

ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕಂತೆ. ಜಾಗ ಉಳಿದರೆ ಕೊನೆಗೆ ಬರೆಯುತ್ತೇನೆ. ಮೊದಲು, ಊರಿನಿಂದ ಕರೆತರುವಾಗ ಕೊಡುತ್ತೇವೆ ಅಂದದ್ದೇನು, ಇಲ್ಲಿಗೆ ಬಂದ ಮೇಲೆ ಇಲ್ಲ ಅಂದದ್ದೇನು, ಅದನ್ನು ಕೇಳು. ಬಾಯಿಮಾತಿಗೆ ಸಾಕ್ಷಿ ಇಲ್ಲ, ಬರೆದು ತಾರೀಖು ಹಾಕು ಎಂದು ಮಹಿಳಾ ಸಂಘದಲ್ಲಿ ಕಲಿಸಿದವಳು ನೀನೇ.

ಪಕ್ಕಾ ಖೋಲಿ ಅಂದರು. ತಗಡಿನ ಶೆಡ್ ಕೊಟ್ಟರು. ಬಾಗಿಲ ಮುಂದೆ ನಲ್ಲಿ ಅಂದರು. ಟ್ಯಾಂಕರ್ ಬಂದ ದಿನ ನೀರು, ಬಾರದ ದಿನ ಇಲ್ಲ. ಕಕ್ಕಸು ಅಂದರು. ಕಾರ್ಖಾನೆಯ ಹಿಂದಿನ ಬಯಲು ತೋರಿಸಿದರು. ಕೂಸಿಗೆ ಅಂಗನವಾಡಿ ಅಂದರು. ಅಂಗನವಾಡಿ ಇದೆ, ಅಲ್ಲಿ ಮಕ್ಕಳಿಗೆ ತತ್ತಿ ಕೊಡುವುದೂ ಇದೆ. ನನ್ನ ಮೊಮ್ಮಗಳು ವೇಣಿಗೆ ಮಾತ್ರ ಇಲ್ಲ. "ನಿಮ್ ಆಧಾರ್ ಕೊಪ್ಪಳದ್ದು ಕಣಮ್ಮ, ಮೊಟ್ಟೆ ಅಲ್ಲೇ ಬರುತ್ತೆ, ಅಲ್ಲೇ ಇಸ್ಕೊಳ್ಳಿ" ಎಂದಳು ಅಲ್ಲಿಯ ಕಾರ್ಯಕರ್ತೆ. ಮೂರು ವರ್ಷ ತುಂಬದ ಕೂಸು ಒಂದು ತತ್ತಿ ತಿನ್ನಲು ರಾತ್ರಿ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗಬೇಕು.

ಅದಕ್ಕೇ ಅಕ್ಕ, ನೀನು ಬುಟ್ಟಿಯಲ್ಲಿಟ್ಟು ಬಸ್ಸಿಗೆ ಹಾಕಿ ಕಳಿಸಿದ ಮೂರು ಹೇಂಟೆ, ಒಂದು ಹುಂಜ ಈ ಮನೆಯ ಮಾನ ಉಳಿಸಿವೆ. ಕೆಂಪಿ ಇಡಲು ಶುರು ಮಾಡಿದ್ದಾಳೆ. ಕರಿ ಇವತ್ತೋ ನಾಳೆಯೋ. ಚುಕ್ಕಿ ಇನ್ನೂ ಮೆರೆಯುತ್ತಿದ್ದಾಳೆ. ಮಗಳು ಭಾಗ್ಯಶ್ರೀ ಕಾರ್ಖಾನೆಯವರ ಹೊಸ ಗೋದಾಮು ಕಟ್ಟುವ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ನಾನು, ವೇಣಿ, ಕೋಳಿಗಳು. ವೇಣಿಯ ಬಾಯಿ ನಿಲ್ಲುವುದೇ ಇಲ್ಲ. ಕೋಳಿಗೆ ಬೈಯುತ್ತಾಳೆ, ಕಾಗೆಗೆ ಬೈಯುತ್ತಾಳೆ, ಟ್ಯಾಂಕರಿನವನಿಗೆ "ನಿಮ್ಮಪ್ಪನ ನೀರೇನು" ಅನ್ನುತ್ತಾಳೆ. ಯಾರಿಂದ ಕಲಿತಳು ಎಂದು ಕೇಳಬೇಡ.

ಫೋನು ಯಾಕೆ ಮಾಡುವುದಿಲ್ಲ ಎಂದೂ ಕೇಳಬೇಡ. ತಗಡಿನ ಗೋಡೆ. ಆಚೆ ಬದಿಗೆ ಮೇಸ್ತ್ರಿ ಬಸಲಿಂಗ. ನಮ್ಮ ಯಲಬುರ್ಗಾ ಕಡೆಯವನೇ, ನಮ್ಮನ್ನು ಕರೆತಂದವನೇ. ನಲ್ಲಿಯ ವಿಷಯಕ್ಕೆ ನಾನು ಫೋನಿನಲ್ಲಿ ಬೈದದ್ದು ಊಟದ ಹೊತ್ತಿಗೆ ಮಾಲಕರ ಕಿವಿ ಮುಟ್ಟಿತ್ತು. ಈ ಶೆಡ್ಡಿನ ಜಾಗವೂ ಅದೇ ಕಾರ್ಖಾನೆಯವರದು.

ಒಂದೇ ತೊಂದರೆ. ಕೋಳಿಗಳಿಗೆ ಹೇನು ಮುತ್ತಿದೆ. ರೆಕ್ಕೆಯ ಬುಡದಲ್ಲಿ ಗುಂಪುಗುಂಪು. ಕೆಂಪಿ ಇಡುವುದನ್ನು ನಿಲ್ಲಿಸಿದರೆ ವೇಣಿಗೆ ಏನು ಕೊಡಲಿ? ಮದ್ದು ಬರೆ.

ನಿನ್ನ ತಂಗಿ
ಚನ್ನಕ್ಕ


ಬಿಳೇಕಲ್ಲು, ಯಲಬುರ್ಗಾ ತಾಲ್ಲೂಕು
೧೬ ಜುಲೈ ೨೦೨೪

ತಂಗಿ ಚನ್ನಕ್ಕನಿಗೆ ಸುಮಂಗಲಾಳ ಆಶೀರ್ವಾದ.

ಅಂಗನವಾಡಿಯ ವಿಷಯ ಓದಿದೆ. ಅದಕ್ಕೆ ಅರ್ಜಿ ಬರೆಯೋಣ. ಮೊದಲು ಹೇನು.

ಪಶು ಇಲಾಖೆಯವರು ಊರಿನ ಕುರಿ ಕೋಳಿ ನೋಡಿಕೊಳ್ಳಲು ನನಗೆ ಪಶು ಸಖಿ ಎಂದು ಹೆಸರಿಟ್ಟು, ಸೀರೆ ಕೊಟ್ಟು ಐದು ವರ್ಷವಾಯಿತು. ಈ ಐದು ವರ್ಷದಲ್ಲಿ ಬಿಳೇಕಲ್ಲಿನ ಒಂದು ಮನೆಯಲ್ಲೂ ಹೇನಿಗೆ ಅಂಗಡಿಯ ಪುಡಿ ತರಿಸಿಲ್ಲ. ಬೂದಿ ಸಾಕು. ಗೂಡಿನ ಮುಂದೆ ಎರಡು ಮೊಳ ಉದ್ದ, ಒಂದು ಗೇಣು ಆಳದ ಕುಣಿ ತೋಡು. ಅರ್ಧ ಒಣಮಣ್ಣು, ಅರ್ಧ ಬೂದಿ. ಕೋಳಿ ತಾನೇ ಇಳಿದು ಹೊರಳುತ್ತದೆ, ರೆಕ್ಕೆ ಬಿಚ್ಚಿ ಮೈಮೇಲೆ ತೂರಿಕೊಳ್ಳುತ್ತದೆ. ಹೇನಿನ ಉಸಿರು ಕಟ್ಟುತ್ತದೆ. ಕಾವಿಗೆ ಕೂರಿಸುವಾಗ ಬುಟ್ಟಿಯ ತಳಕ್ಕೂ ನಾಲ್ಕು ಬೆರಳು ಬೂದಿ ಹಾಕು, ಮೇಲೆ ಹುಲ್ಲು. ಗುಡುಗಿಗೆ ತತ್ತಿ ಕೆಡದ ಹಾಗೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು. ಇದನ್ನು ಇಲಾಖೆ ಹೇಳುವುದಿಲ್ಲ, ಅವ್ವ ಹೇಳಿದ್ದು.

ಬೂದಿಗೆ ಬಡತನ ಮಾಡಬೇಡ. ತಿಂಗಳಿಗೊಮ್ಮೆ ಬದಲಿಸು. ವೇಣಿಗೆ ದಿನಕ್ಕೊಂದು ತತ್ತಿ ತಪ್ಪಬಾರದು. ಅವರು ಕೊಡದಿದ್ದರೆ ನಾವೇ ಕೊಡುವವರು.

ಸುಮಂಗಲಾ


ಮಾದನಾಯಕನಹಳ್ಳಿ
೨೯ ಜುಲೈ ೨೦೨೪, ಸೋಮವಾರ

ಅಕ್ಕ,

ಬೂದಿ ಎಂದು ಸುಲಭವಾಗಿ ಬರೆದುಬಿಟ್ಟೆ. ಇಲ್ಲಿ ಯಾರ ಮನೆಯಲ್ಲಿ ಒಲೆ ಇದೆ? ಎಲ್ಲರದೂ ಸಿಲಿಂಡರ್. ಇಡೀ ಬೆಂಗಳೂರಿನಲ್ಲಿ ಒಂದು ಪುಟ್ಟಿ ಬೂದಿಗೆ ನಾಲ್ಕು ದಿನ ಅಲೆದೆ.

ಕೊನೆಗೆ ಕಾರ್ಖಾನೆಯ ಗೋಡೆಯಾಚೆಯ ಬಯಲಲ್ಲಿ ಸಿಕ್ಕಿತು. ಆ ಕಾರ್ಖಾನೆಯಿಂದ ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಒಂದು ಟ್ರಾಕ್ಟರ್ ಬರುತ್ತದೆ. ಟ್ರಾಲಿ ಎತ್ತಿ ನಮ್ಮ ಬಯಲಿಗೆ ಸುರಿದು ಹೋಗುತ್ತದೆ. ನಿನ್ನೆಯೂ ಬಂದಿತ್ತು. ಕದ್ದದ್ದು ಎಂದುಕೊಳ್ಳಬೇಡ. ಕಾರ್ಖಾನೆಯ ಗೇಟಿನ ಮೇಲಿರುವ ನೀಲಿ ತ್ರಿಕೋನವೇ ಟ್ರಾಲಿಯ ಹಿಂದಿನ ಹಲಗೆಯ ಮೇಲೂ ಇದೆ. ಬಸಲಿಂಗನೇ ನಿಂತು ಸುರಿಸುತ್ತಾನೆ. ಒಯ್ಯಲೇನೋ ಎಂದು ಕೇಳಿದೆ. "ಯಕ್ಕಾ, ಬೇಕಾದಷ್ಟ ಒಯ್ಯಿ, ನಮಗೂ ಜಾಗ ಖಾಲಿ ಆಗ್ತದ" ಎಂದು ನಕ್ಕ. ಈ ಊರಲ್ಲಿ ಕೇಳಿದ್ದಕ್ಕೆ ಹೂಂ ಅಂದದ್ದು ಇದೊಂದೇ.

ಬೂದಿ ನುಣ್ಣಗಿದೆ, ಸೀಸಕಡ್ಡಿಯ ಬಣ್ಣ. ಆದರೆ ಹಗುರ ಅಲ್ಲ. ಅರ್ಧ ಪುಟ್ಟಿ ಹೊತ್ತರೆ ಕುತ್ತಿಗೆ ಇಳಿದುಹೋಗುತ್ತದೆ. ನಿನ್ನ ಮಾತು ಸುಳ್ಳಾಗಲಿಲ್ಲ, ಎರಡೇ ದಿನದಲ್ಲಿ ಹೇನು ಮಾಯ.

ಇಲ್ಲಿ ಪಾಪಯ್ಯ ಎಂಬ ಮುದುಕ ಇದ್ದಾನೆ. ಈ ಶೆಡ್ಡು, ಈ ಬಯಲು ಒಂದು ಕಾಲಕ್ಕೆ ಅವನ ರಾಗಿ ಹೊಲವಂತೆ. ನಾನು ಪುಟ್ಟಿ ಹೊತ್ತದ್ದು ನೋಡಿ ದಾರಿಗೆ ಅಡ್ಡ ಬಂದ. "ಏನಮ್ಮೋ, ಅದ್ಯಾಕ್ ಒತ್ಕೊಂಡ್ ಓಯ್ತಿದ್ದೀಯ? ಮಡಗು ಕೆಳಕ್ಕೆ. ಇಲ್ಲಿ ಕೋಳಿ ಗೀಳಿ ನಿಲ್ಲಕಿಲ್ಲ. ಈ ಮಣ್ಣು ನಿಮ್ಮಂತೋರ್ಗಲ್ಲ" ಎಂದ. ಅಕ್ಕ, ನೋಡಿದೆಯಾ ಇವರ ಸೊಕ್ಕು. ಹೊಲ ಮಾರಿ ಮೂರಂತಸ್ತು ಕಟ್ಟಿದ್ದಾನೆ, ಬೂದಿಯ ಮೇಲೂ ಹಕ್ಕು ಬೇಕು. "ನಿಮ್ಮಪ್ಪನ ಬೂದಿಯೇನು" ಎಂದು ವೇಣಿಯ ಮಾತನ್ನೇ ಅಂದು ಬಂದೆ.

(ಮಡಿಸಿದ ಹಿಂಬದಿಗೆ ಬರೆಯುತ್ತಿದ್ದೇನೆ, ಇನ್‌ಲ್ಯಾಂಡಿನಲ್ಲಿ ಜಾಗ ಇಷ್ಟೇ.) ವೇಣಿಗೆ ಕುಣಿಯೇ ಆಟದ ಮನೆ. ಕೋಳಿಯ ಜೊತೆ ತಾನೂ ಕೂತು ಮೈಗೆ ತೂರಿಕೊಳ್ಳುತ್ತಾಳೆ, ಕುಣಿಯಿಂದ ಎದ್ದ ಕೈಯಲ್ಲೇ ತತ್ತಿ ತಿನ್ನುತ್ತಾಳೆ. ನಾನೇ ಸುಲಿದು ಕೊಡುತ್ತೇನೆ, ಈಗ ದಿನಕ್ಕೆ ಎರಡು. ಭಾಗ್ಯಶ್ರೀಗೆ ಕಾರ್ಖಾನೆಯ ವಸ್ತು ಅಂದರೆ ಹೆದರಿಕೆ. ಪಾಪಯ್ಯನ ಮನೆಯ ನೀರೊಲೆಯ ಬೂದಿ ಎಂದು ಹೇಳಿದ್ದೇನೆ. ಸಣ್ಣ ಸುಳ್ಳು.

ಚನ್ನಕ್ಕ


ಬಿಳೇಕಲ್ಲು
೧೧ ಆಗಸ್ಟ್ ೨೦೨೪

ತಂಗಿ ಚನ್ನಕ್ಕನಿಗೆ,

ನಿನ್ನ ಕಾಗದವನ್ನು ತಾಲ್ಲೂಕು ತರಬೇತಿಯಲ್ಲಿ ಓದಿ ಹೇಳಿದೆ. ಊರಲ್ಲಿ ಒಲೆ ಇರುವವರೇ ನೆಪ ಹೇಳುತ್ತಾರೆ, ನನ್ನ ತಂಗಿ ಬೆಂಗಳೂರಿನ ಕಾರ್ಖಾನೆಗಳ ನಡುವೆ ಬೂದಿ ಹುಡುಕಿ ಕೋಳಿ ಸಾಕಿದ್ದಾಳೆ ಎಂದೆ. ನಲವತ್ತು ಹೆಂಗಸರು ಚಪ್ಪಾಳೆ ತಟ್ಟಿದರು. ಪಶುವೈದ್ಯೆ ಉಮಾಶ್ರೀ ಮೇಡಂ ಅವರೂ ಇದ್ದರು.

ಭಾರ ಎಂದು ಬರೆದಿದ್ದೀಯ. ಹಸಿ ಇರಬೇಕು. ಬಿಸಿಲಿಗೆ ಹರವಿ, ಒಣಗಿಸಿ ಹಾಕು. ಕಾವಿಗೆ ಕೂರಿಸಿದ್ದರೆ ಇಪ್ಪತ್ತೊಂದು ದಿನ ಬುಟ್ಟಿ ಅಲುಗಿಸಬೇಡ. ಪಾಪಯ್ಯನಂಥವರು ಎಲ್ಲ ಊರಲ್ಲೂ ಇರುತ್ತಾರೆ, ಅವನ ಮಾತಿಗೆ ಕಿವಿಗೊಡಬೇಡ.

ಅಂದಹಾಗೆ, ಆ ಕಾರ್ಖಾನೆಯಲ್ಲಿ ಏನು ಮಾಡುತ್ತಾರೆ? ತಿಳಿದರೆ ಬರೆ. ಅವಸರವಿಲ್ಲ.

ಸುಮಂಗಲಾ


ಮಾದನಾಯಕನಹಳ್ಳಿ
೨ ಸೆಪ್ಟೆಂಬರ್ ೨೦೨೪

ಅಕ್ಕ,

ಕೆಂಪಿಯ ಕೆಳಗೆ ಹನ್ನೊಂದು ತತ್ತಿ ಇಟ್ಟಿದ್ದೆ. ನಾಲ್ಕು ಬೆರಳು ಬೂದಿ, ಹುಲ್ಲು, ಕಬ್ಬಿಣ, ಇದ್ದಿಲು, ಎಲ್ಲವೂ ನೀನು ಹೇಳಿದ ಹಾಗೆ. ಇಪ್ಪತ್ತೊಂದನೆಯ ದಿನ ಎರಡು ಒಡೆದವು. ಒಂದು ಮರಿ ನಿಲ್ಲಲೇ ಇಲ್ಲ. ಇನ್ನೊಂದು ನಿಂತು, ಗುಂಡಗೆ ಸುತ್ತಿ, ಸಂಜೆಗೆ ಹೋಯಿತು. ಉಳಿದ ಒಂಬತ್ತನ್ನು ಒಡೆದು ನೋಡಿದೆ. ಅದನ್ನು ಬರೆಯುವುದಿಲ್ಲ.

ಹುಂಜದ ಎರಡೂ ರೆಕ್ಕೆ ನೆಲಕ್ಕೆ ಜೋತಿವೆ. ಹಚ್ಚಹಸಿರು ಹಿಕ್ಕೆ. ಎದೆಮೂಳೆ ಕತ್ತಿಯ ಹಾಗೆ ಎದ್ದಿದೆ, ಮೈಯಲ್ಲಿ ಮಾಂಸವಿಲ್ಲ. ಕೂಗಲು ಕತ್ತು ಎತ್ತುತ್ತದೆ, ಸ್ವರ ಬರುವುದಿಲ್ಲ. ಚುಕ್ಕಿಗೂ ಹಾಗೇ ಆಗತೊಡಗಿತು. ಕೋಳಿ ತಾನಾಗಿ ಸತ್ತರೆ ಮನೆಗೆ ಕೇಡು, ಕತ್ತು ಬಾಗುವ ಮೊದಲೇ ಕೊಯ್ಯಬೇಕು ಎಂದು ಅವ್ವ ಅನ್ನುತ್ತಿದ್ದಳಲ್ಲ, ಚುಕ್ಕಿಯನ್ನು ಕೊಯ್ದೆ. ಮೊನ್ನೆ ಸಾರು ಮಾಡಿದೆ. ಲಿವರ್ ವೇಣಿಗೆ ಕೊಟ್ಟೆ, ಕಣ್ಣಿಗೆ ಒಳ್ಳೆಯದೆಂದು.

ವೇಣಿಗೆ ಆಗಾಗ ಹೊಟ್ಟೆನೋವು. ಟ್ಯಾಂಕರ್ ನೀರು. ಓಮಿನ ಕಷಾಯ ಕೊಡುತ್ತಿದ್ದೇನೆ. ಈಗ ಸ್ವಲ್ಪ ಸುಮ್ಮನಿರುತ್ತಾಳೆ, ಮೊದಲಿನ ಹಾಗೆ ಬೈಯುವುದಿಲ್ಲ. ಬುದ್ಧಿ ಬರುತ್ತಿದೆ.

ಕೋಳಿಗೆ ಏನು ಮಾಡಲಿ, ಬೇಗ ಬರೆ.

ಚನ್ನಕ್ಕ


ಬಿಳೇಕಲ್ಲು
೯ ಸೆಪ್ಟೆಂಬರ್ ೨೦೨೪

ಚನ್ನಕ್ಕ,

ಇದು ಕೊಕ್ಕರೆ ರೋಗ. ಹಸಿರು ಹಿಕ್ಕೆ, ಜೋತ ರೆಕ್ಕೆ, ಸುತ್ತುವ ಮರಿ, ಎಲ್ಲ ಲಕ್ಷಣವೂ ಅದೇ. ಊರಿಗೆ ಊರೇ ಖಾಲಿಯಾದದ್ದನ್ನು ನಾನು ಕಂಡಿದ್ದೇನೆ. ಲಸಿಕೆಯನ್ನು ಇಲ್ಲಿಂದ ಕಳಿಸಲಾಗದು, ಮಂಜುಗಡ್ಡೆಯಲ್ಲಿ ಇಡಬೇಕು. ಹತ್ತಿರದ ದನದ ಆಸ್ಪತ್ರೆಗೆ ಹೋಗು. ಉಳಿದ ಕೋಳಿಯನ್ನು ಬೇರೆ ಕಟ್ಟು. ಗೂಡಿಗೆ ಸುಣ್ಣ ಬಳಿ. ಕುಣಿಯ ಹಳೆಯ ಬೂದಿ ತೆಗೆದು ಹೊಸದು ತುಂಬು, ಈ ಸಲ ದಪ್ಪಗೆ. ಗೂಡಿನೊಳಗೂ ಎರಚು.

ವೇಣಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸು. ಕಾರ್ಖಾನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದ್ದೆ, ನೀನು ಬರೆಯಲಿಲ್ಲ.

ಸುಮಂಗಲಾ


ಮಾದನಾಯಕನಹಳ್ಳಿ
೨೬ ಸೆಪ್ಟೆಂಬರ್ ೨೦೨೪

ಅಕ್ಕ,

ದನದ ಆಸ್ಪತ್ರೆಯಲ್ಲಿ "ಮೂರು ಕೋಳಿಗೆ ಲಸಿಕೆ ಬಾಟ್ಲು ಒಡೆಯಕ್ಕಾಗಲ್ಲಮ್ಮ, ನೂರು ತಗೊಂಡ್ ಬಾ" ಅಂದರು. ಬೂದಿ ದಪ್ಪಗೆ ತುಂಬಿದೆ. ಗೂಡಿನೊಳಗೂ ಎರಚಿದೆ. ಹುಂಜ ಹೋಯಿತು, ಕೆಂಪಿ ಹೋದಳು. ಕರಿ ಒಬ್ಬಳೇ ಉಳಿದಿದ್ದಾಳೆ. ಕಾಳು ಹಾಕಿದರೆ ಕಾಳಿನ ಪಕ್ಕದ ನೆಲ ಕುಕ್ಕುತ್ತಾಳೆ. ಕಣ್ಣು ಹೋಗಿದೆ.

ಪಾಪಯ್ಯ ಬಂದಿದ್ದ. ನಾನು ಬೈದದ್ದನ್ನು ಮರೆತಿಲ್ಲ, ಬಾಗಿಲ ಹೊರಗೇ ನಿಂತ. "ನನ್ ಆಡು ಒಂಬತ್ತಿದ್ವು ಕಣಮ್ಮ. ಆ ಬಯಲಲ್ಲೇ ಮೇಯ್ತಿದ್ವು. ಗೋಡೆಗೆ ತಲೆ ಕೊಟ್ಕೊಂಡ್ ನಿಂತ್ಕೊಳ್ಳೋವು, ಅಂಗೇ ನಿಂತು ಅಂಗೇ ಬಿದ್ದೋದ್ವು. ಒಳಗೆ ಅಳೇ ಬ್ಯಾಟರಿ ಒಡೆದು ಕರಗಿಸ್ತಾರೆ. ಅದ್ರ ಬೂದಿ ಅದು. ಕಂಪ್ಲೇಂಟ್ ಕೊಡಾಕೆ ಓದೆ, ಆಡಿಗೆ ರಸೀದಿ ಐತಾ ಅಂದ್ರು. ಅವತ್ತೇ ನಿಂಗೆ ಬುಡಿಸಿ ಏಳ್ಬೇಕಿತ್ತು. ನೀನು ಅಪ್ಪನ್ ತಂಕ ಓದೆ" ಎಂದ.

ಇವನ ಮಾತು ನಂಬಬೇಕೋ ಬೇಡವೋ ತಿಳಿಯದು. ಕೊಕ್ಕರೆ ರೋಗ ಎಂದು ನೀನೇ ಬರೆದಿದ್ದೀಯ.

ವೇಣಿ ಚೆನ್ನಾಗಿದ್ದಾಳೆ. ಕರೆದರೆ ತಿರುಗುವುದಿಲ್ಲ, ಅಷ್ಟೆ. ಹಟ ಹೆಚ್ಚಾಗಿದೆ. ಕರಿ ಇನ್ನೂ ವಾರಕ್ಕೊಂದು ಎರಡು ಇಡುತ್ತಾಳೆ, ಸಿಪ್ಪೆ ಕಾಗದದ ಹಾಗೆ. ಅದನ್ನು ವೇಣಿಗೇ ಕೊಡುತ್ತಿದ್ದೇನೆ. ನಾವು ಮುಟ್ಟುವುದಿಲ್ಲ.

ಚನ್ನಕ್ಕ


ಬಿಳೇಕಲ್ಲು
೧ ಅಕ್ಟೋಬರ್ ೨೦೨೪

ಚನ್ನಕ್ಕ,

ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ತತ್ತಿ ಕೊಡಬೇಡ. ವೇಣಿಯನ್ನು ದೊಡ್ಡಾಸ್ಪತ್ರೆಗೆ ಒಯ್ಯಿ. ರಕ್ತದಲ್ಲಿ ಸೀಸ ಇದೆಯೇ ನೋಡಿ ಎಂದು ನೀನೇ ಬಾಯಿಬಿಟ್ಟು ಕೇಳು. ಯಾಕಕ್ಕ ಎಂದು ನೀನು ಕೇಳಿದೆ. ನಿನ್ನ ತಗಡಿನ ಗೋಡೆ ನೆನಪಾಯಿತು, ಫೋನು ಇಟ್ಟುಬಿಟ್ಟೆ. ಯಾಕೆ ಎಂಬುದು ಇಲ್ಲಿದೆ.

ಬ್ಯಾಟರಿ ಕರಗಿಸಿದರೆ ಉಳಿಯುವ ಬೂದಿಯಲ್ಲಿ ಸೀಸ ಇರುತ್ತದೆ. ಅದಕ್ಕೇ ಆ ಭಾರ. ಕೋಳಿ ಹೊರಳಿದಾಗ ಒಳಗೆ ಹೋಗುತ್ತದೆ, ಕುಕ್ಕಿದಾಗ ಹೋಗುತ್ತದೆ, ತತ್ತಿಗೆ ಇಳಿಯುತ್ತದೆ. ದೊಡ್ಡವರಿಗಿಂತ ಕೂಸಿನ ಮೈಗೆ ಬೇಗ ಹತ್ತುತ್ತದೆ. ಇದಿಷ್ಟೂ ಉಮಾಶ್ರೀ ಮೇಡಂ ಹೇಳಿದ್ದು.

ಇನ್ನು ನಾನು ಹೇಳಬೇಕಾದ್ದು. ಮೇಡಂಗೆ ಅನುಮಾನ ಬಂದದ್ದು ನಿನ್ನೆಯಲ್ಲ. ಆಗಸ್ಟಿನ ತರಬೇತಿಯ ದಿನ, ಚಪ್ಪಾಳೆ ಮುಗಿದ ಮೇಲೆ, ನನ್ನನ್ನು ಬದಿಗೆ ಕರೆದು "ಕಾರ್ಖಾನೆ ಬೂದಿ ಅಂದ್ರಲ್ಲ, ಯಾವ ಕಾರ್ಖಾನೆ? ಭಾರ ಅಂದ್ರಲ್ಲ, ಯಾಕೆ ಭಾರ? ವಿಚಾರಿಸಿ" ಎಂದಿದ್ದರು. ನಲವತ್ತು ಜನರ ಮುಂದೆ ನಿನ್ನನ್ನು ಮಾದರಿ ಮಾಡಿ ನಿಲ್ಲಿಸಿದ್ದೆ. ತಪ್ಪಿರಬಹುದು ಎಂದು ಬರೆಯಲು ಕೈ ಬರಲಿಲ್ಲ. ಹಸಿ ಇರಬೇಕು ಎಂದು ಬರೆದೆ. ಅವಸರವಿಲ್ಲ ಎಂದು ಬರೆದೆ.

ನಮ್ಮ ಕೈಪುಸ್ತಕದಲ್ಲಿ "ಸೌದೆ ಒಲೆಯ ಬೂದಿ ಮಾತ್ರ" ಎಂದಿದೆ. ಐದು ವರ್ಷದಿಂದ ನಾನು ಹೇಳಿಕೊಡುವಾಗ ಆ "ಮಾತ್ರ" ಬಿಟ್ಟೇ ಹೇಳಿದ್ದೇನೆ. ಬಿಳೇಕಲ್ಲಿನಲ್ಲಿ ಬೇರೆ ಬೂದಿ ಎಲ್ಲಿದೆ?

ಬೈ. ಆದರೆ ಬರೆ.

ಸುಮಂಗಲಾ


ಮಾದನಾಯಕನಹಳ್ಳಿ
೩೦ ಅಕ್ಟೋಬರ್ ೨೦೨೪

ಸುಮಂಗಲಾ,

ಒಂದು ತಿಂಗಳು ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ.

ರಕ್ತ ನೋಡಿದರು. ಐದರ ಒಳಗಿರಬೇಕಾದ್ದು ಐವತ್ತೆರಡು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಸೂಜಿ ಚುಚ್ಚಿ ಚುಚ್ಚಿ ಕೈಯಲ್ಲಿ ಜಾಗ ಉಳಿದಿಲ್ಲ. ಈಗ ಇಳಿದಿದೆ. ಹೋದ ಮಾತು ಬರುತ್ತದೋ ಇಲ್ಲವೋ ಹೇಳಲಾಗದು ಅಂದರು. ಸೀಸ ಇರುವ ಜಾಗದಿಂದ ದೂರವಿಡಿ ಅಂದರು. ದೂರ ಅಂದರೆ ಎಷ್ಟು, ಯಲಬುರ್ಗಾದಷ್ಟೋ ಎಂದು ನಾನು ಕೇಳಲಿಲ್ಲ.

ಡಾಕ್ಟರು ಮಗು ಏನು ತಿನ್ನುತ್ತದೆ ಎಂದು ಕೇಳಿದರು. ಭಾಗ್ಯಶ್ರೀ ತಲೆಯೆತ್ತಿ ಹೇಳಿದಳು: "ರೊಟ್ಟಿ, ಅನ್ನ, ಮತ್ತ ದಿನಾ ಎರಡು ತತ್ತಿ ರೀ. ಪ್ಯಾಟಿವಲ್ಲ, ನಮ್ಮವ್ವ ಮನ್ಯಾಗ ಸಾಕಿದ ಕೋಳಿವು." ಅಭಿಮಾನದಿಂದ ಹೇಳಿದಳು. ಡಾಕ್ಟರು ಬರೆದುಕೊಂಡರು. ನಾನು ಗೋಡೆ ನೋಡಿದೆ. ಅವಳ ಪಾಲಿಗೆ ಅದು ಇನ್ನೂ ಪಾಪಯ್ಯನ ನೀರೊಲೆಯ ಬೂದಿ.

ವಾಪಸು ಬಂದರೆ ಬಯಲಿನ ಬೂದಿ ಇಲ್ಲ. ಜಲ್ಲಿ ಹರವಿ, ಮೇಲೆ ಕೆಂಪು ಮಣ್ಣು ಹಾಕಿ ರೋಲರ್ ಹೊಡೆದಿದ್ದಾರೆ. ಕರಿಯೂ ಇಲ್ಲ, ಗೂಡಿನ ಬಾಗಿಲು ತೆರೆದಿತ್ತು. ಭಾಗ್ಯಶ್ರೀ ಕೆಲಸಕ್ಕೆ ಹೋದ ಹೊತ್ತಿಗೆ ಬಸಲಿಂಗ ಒಂದು ಕಾಗದ ಹಿಡಿದು ಬಂದ. "ಯಕ್ಕಾ, ಕಾರ್ಖಾನಿ ಬೂದಿ ಗ್ವಾಡಿ ದಾಟೇ ಇಲ್ಲ ಅಂತಾರ ಸಾಹೇಬ್ರು. ನೀ ಎಲ್ಲಿಂದ ತಂದಿಯೋ, ಯಾರು ತಾ ಅಂದ್ರೋ, ನಮಗೇನು ಗೊತ್ತು? ಕದ್ದಿ ಅಂತ ಕೇಸ್ ಆದ್ರ ನಾ ಬಿಡಸಾಕಾಗಂಗಿಲ್ಲ. ನಮ್ಮ ಕಡೆಯಾಕಿ ಅಂತ ಹೇಳಾಕತ್ತೀನಿ" ಎಂದ.

ಕಾಗದದಲ್ಲಿರುವುದು ಹೀಗೆ: ಕೋಳಿಗೆ ಹಾಕಿದ ಬೂದಿ ಇಟ್ಟಿಗೆ ಭಟ್ಟಿಯದು, ನನ್ನ ಸ್ವಂತ ತಿಳಿವಳಿಕೆಯಿಂದ ತಂದದ್ದು. ಅದಕ್ಕೆ ಸಹಿ ಹಾಕಿದರೆ ಪಕ್ಕಾ ಖೋಲಿ ಕೊಡುತ್ತಾರೆ. ಬಾಗಿಲ ಮುಂದೆ ನಲ್ಲಿ ಕೊಡುತ್ತಾರೆ. ಕಕ್ಕಸು ಕೊಡುತ್ತಾರೆ. ಅಂಗನವಾಡಿಗೂ ಒಂದು ಮಾತು ಹೇಳುತ್ತಾರೆ, ವೇಣಿಗೆ ತತ್ತಿ ಸಿಗುತ್ತದೆ.

ಈ ಶೆಡ್ಡುಗಳಲ್ಲಿ ಇನ್ನೂ ಹದಿನಾಲ್ಕು ಮಕ್ಕಳಿದ್ದಾರೆ. ಬಯಲಲ್ಲೇ ಆಡಿದವರು. ಯಾರ ರಕ್ತವನ್ನೂ ಯಾರೂ ನೋಡಿಲ್ಲ. ಪಾಪಯ್ಯ ಕಾರ್ಮಿಕ ಸಂಘದ ಮಹಾಲಕ್ಷ್ಮಿ ಎಂಬ ವಕೀಲೆಯನ್ನು ಕರೆತಂದಿದ್ದ. ಆಕೆ ಒಂದೇ ಕೇಳಿದಳು: "ಟ್ರಾಲಿ ಇಲ್ಲಿ ಸುರಿದಿದ್ದಕ್ಕೆ ಆಗ್ಲೇ ಬರೆದಿಟ್ಟಿದ್ದು ಏನಾದ್ರೂ ಇದೆಯಾ? ಈಗ ಹೇಳಿದ್ರೆ ಈಗ ಹುಟ್ಟಿಸಿದ ಕತೆ ಅಂತಾರೆ." ಫೋಟೋ ಇಲ್ಲ. ಇಲ್ಲ ಅಂದೆ.

ಆ ಮೇಡಂ ಮಾತು ನೀನು ಆಗಸ್ಟಿನಲ್ಲೇ ಕೇಳಿದ್ದೆ. ಆಗಸ್ಟಿನಲ್ಲಿ ವೇಣಿ ಇನ್ನೂ ಕಾಗೆಗೆ ಬೈಯುತ್ತಿದ್ದಳು.

ಚನ್ನಕ್ಕ


ಬಿಳೇಕಲ್ಲು
೬ ನವೆಂಬರ್ ೨೦೨೪

ಚನ್ನಕ್ಕ,

ಅಕ್ಕ ಎಂದು ಬರೆಯಲಿಲ್ಲ ನೀನು. ಸರಿ.

ಬರೆದಿಟ್ಟದ್ದು ಇಲ್ಲ ಎಂದು ವಕೀಲೆಗೆ ಹೇಳಿದೆಯಲ್ಲ, ಇದೆ. ನಿನ್ನ ಎಲ್ಲ ಕಾಗದವೂ ನನ್ನ ಟ್ರಂಕಿನಲ್ಲಿದೆ. ಜುಲೈ ಇಪ್ಪತ್ತೊಂಬತ್ತರ ಇನ್‌ಲ್ಯಾಂಡ್ ತೆಗೆದು ನೋಡಿದೆ. ಭಾನುವಾರ ಮಧ್ಯಾಹ್ನ ಎರಡು ಗಂಟೆ, ನೀಲಿ ತ್ರಿಕೋನ, ಬಸಲಿಂಗ ನಿಂತು ಸುರಿಸಿದ್ದು, ಬೇಕಾದಷ್ಟು ಒಯ್ಯಿ ಅಂದದ್ದು. ಕಾಗದದ ಮೈಮೇಲೇ ಅಂಚೆಯ ಮುದ್ರೆ, ತಾರೀಖಿನ ಸಮೇತ. ಆಗ ಹೊಟ್ಟೆಯಲ್ಲಿ ದ್ವೇಷ ಇರಲಿಲ್ಲ, ಉಪಕಾರ ಎಂದುಕೊಂಡೇ ಬರೆದಿದ್ದೀಯ. ಅದನ್ನು ಯಾವ ಸಾಹೇಬನೂ ಹುಟ್ಟಿಸಿದ ಕತೆ ಅನ್ನಲಾರ.

ಆದರೆ ಅದರ ಹಿಂಬದಿಯಲ್ಲಿ ಏನು ಬರೆದಿದ್ದೀಯ ಎಂದು ನಿನಗೆ ನೆನಪಿದೆ. ಕುಣಿಯ ಆಟ, ನೀನೇ ಸುಲಿದು ಕೊಟ್ಟ ತತ್ತಿ, ಭಾಗ್ಯಶ್ರೀಗೆ ಹೇಳಿದ ಸುಳ್ಳು. ಒಂದೇ ಹಾಳೆ, ಎರಡು ಮೈ. ಹಿಂಬದಿಯನ್ನು ಹರಿದರೆ ಮುಂಬದಿಯ ಬಸಲಿಂಗನ ಮಾತು ಹೋಗುತ್ತದೆ. ಮಸಿ ಬಳಿದರೆ ಏನು ಮುಚ್ಚಿಟ್ಟಿರಿ ಎಂದು ಕೇಳುತ್ತಾರೆ. ಇಡೀ ಕಾಗದ ಕೊಟ್ಟರೆ, ಊರ ಮುಂದೆ, ಮಗಳ ಮುಂದೆ, ಕೂಸಿಗೆ ಉಣಿಸಿದ ಕೈ ನಿನ್ನದು ಎಂದು ಅವರೇ ಗಟ್ಟಿಯಾಗಿ ಓದುತ್ತಾರೆ. ಬಿಡುವವರಲ್ಲ.

ನಾನು ಇನ್ನೂ ಹರಿದಿಲ್ಲ. ಹರಿ ಎಂದರೆ ಒಲೆಗೆ ಹಾಕುತ್ತೇನೆ, ಇಂಥದೊಂದು ಕಾಗದ ಇತ್ತು ಎಂದು ಯಾರಿಗೂ ಹೇಳುವುದಿಲ್ಲ. ತಾ ಎಂದರೆ ಸೀರೆಯೊಳಗೆ ಹೊಲಿದುಕೊಂಡು ತರುತ್ತೇನೆ. ನನ್ನ ಕಾಗದಗಳು ನಿನ್ನ ಹತ್ತಿರ ಇವೆ. ದಪ್ಪಗೆ ತುಂಬು ಎಂದದ್ದೂ, ಅವಸರವಿಲ್ಲ ಎಂದದ್ದೂ. ಅವನ್ನೂ ಓದಿಸು. ಇಲಾಖೆಯವರು ಸೀರೆ ವಾಪಸು ಕೇಳಿದರೆ ಕೊಡುತ್ತೇನೆ.

ತೀರ್ಮಾನ ನಿನ್ನದು.

ಸುಮಂಗಲಾ


ಮಾದನಾಯಕನಹಳ್ಳಿ
೧೪ ನವೆಂಬರ್ ೨೦೨೪, ಗುರುವಾರ

ಅಕ್ಕ,

ಹರಿಯಬೇಡ.

ನಿನ್ನ ಕಾಗದ ಬಂದು ಎರಡು ದಿನ ಅದನ್ನು ಜೋಳದ ಡಬ್ಬಿಯಲ್ಲಿಟ್ಟಿದ್ದೆ. ಒಲೆಗೆ ಹಾಕು ಎಂದು ಬರೆಯಲು ಕೂತೆ, ಸುಳ್ಳು ಹೇಳುವುದಿಲ್ಲ. ಆ ಹೊತ್ತಿಗೆ ಪಾಪಯ್ಯ ಬಂದ. ಟ್ರಾಲಿ ನಿಂತಿಲ್ಲವಂತೆ. ಈಗ ಹೊಲದ ಜೊತೆ ಅವನು ಮಾರಿದ ಹಳೆಯ ಬಾವಿಗೆ ಸುರಿಯುತ್ತಿದ್ದಾರೆ, ಅದೇ ಭಾನುವಾರ, ಅದೇ ಎರಡು ಗಂಟೆ. ನೀಲಿ ತ್ರಿಕೋನಕ್ಕೆ ಮಾತ್ರ ಬಿಳಿ ಬಣ್ಣ ಹೊಡೆದಿದ್ದಾರೆ. ಬಾವಿಯ ಆಚೆಯ ಓಣಿಯವರೆಲ್ಲ ಬೋರ್‌ವೆಲ್ ನೀರು ಕುಡಿಯುವವರು. "ನಂದೇನೈತಮ್ಮ, ಆಡು ಓದ್ವು. ಇನ್ನ ಜನ" ಎಂದ.

ಅವನು ಹೋದ ಮೇಲೆ ಭಾಗ್ಯಶ್ರೀಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಗೋಡೆಯಾಚೆ ಬಸಲಿಂಗನ ಟಿವಿ ನಿಂತಿತು. ನಿಲ್ಲಲಿ ಎಂದು ದನಿ ತಗ್ಗಿಸದೆ ಹೇಳಿದೆ. ಎಲ್ಲಿಯ ಬೂದಿ, ಯಾರು ಹೊತ್ತದ್ದು, ಯಾರು ಸುಲಿದು ಕೊಟ್ಟದ್ದು, ಡಾಕ್ಟರ ಮುಂದೆ ಯಾರು ಗೋಡೆ ನೋಡಿದ್ದು, ನಿನ್ನ ಟ್ರಂಕಿನ ಕಾಗದದ ಹಿಂದೆ ಮುಂದೆ ಏನಿದೆ. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಕಪ್ಪಾಯಿತು. ಅವಳು ತಿರುವಲಿಲ್ಲ. ಗ್ಯಾಸು ಆರಿಸಿ ಅಂದಳು:

"ಓದು. ಎಲ್ಲರ ಮುಂದ ನೀನೇ ಓದು, ಹಿಂದಿಂದೂ ಓದು. ನಾನೂ ಕುಂತು ಕೇಳ್ತೀನಿ. ಆಮ್ಯಾಲೆ ನಿನ್ನ ಜೋಡಿ ಮಾತಾಡಬೇಕೋ ಬ್ಯಾಡೋ ಅಂತ ನೋಡ್ತೀನಿ."

ಆಮೇಲೆ ಅವಳು ಮಾತಾಡಿಲ್ಲ. ಈಗ ಈ ಶೆಡ್ಡಿನಲ್ಲಿ ಮಾತಾಡದವರು ಇಬ್ಬರು.

ಬೆಳಿಗ್ಗೆ ಬಸಲಿಂಗ ಬಾಗಿಲಿಗೆ ಬಂದು, ಇಪ್ಪತ್ತೈದಕ್ಕೆ ಶೆಡ್ಡು ಖಾಲಿ ಮಾಡಬೇಕು, ಜೆಸಿಬಿ ಬರುತ್ತದೆ ಎಂದು ಹೇಳಿ ಹೋದ. ನಮಗೊಬ್ಬರಿಗಲ್ಲ, ಎಲ್ಲರಿಗೂ. ನಿನ್ನಿಂದಾಗಿ ನಮಗೂ ಸೂರು ಹೋಯಿತು ಎಂದು ಎದುರು ಶೆಡ್ಡಿನವರು ಮುಖ ತಿರುಗಿಸಿದ್ದಾರೆ. ಅವರ ಕಿರಿಯ ಮಗನಿಗೆ ಹದಿನೈದು ದಿನದಿಂದ ಹೊಟ್ಟೆನೋವು. ಟ್ಯಾಂಕರ್ ನೀರು ಎಂದು ಓಮಿನ ಕಷಾಯ ಕುಡಿಸುತ್ತಿದ್ದಾರೆ.

ಸಂಜೆ ವೇಣಿ ಖಾಲಿ ಗೂಡಿನ ಮುಂದೆ ಕೂರುತ್ತಾಳೆ. ಕಾಳು ಚೆಲ್ಲುವ ಹಾಗೆ ಕೈ ಆಡಿಸುತ್ತಾಳೆ. ಬಾಯಿ ತೆರೆಯುತ್ತಾಳೆ. ಹುಂಜವೂ ಕೊನೆಕೊನೆಗೆ ಹಾಗೇ ತೆರೆಯುತ್ತಿತ್ತು.

ಕಾಗದ ಹೊಲಿದುಕೊಂಡೇ ಬಾ. ಇಪ್ಪತ್ತಮೂರರ ಶನಿವಾರ ರಾತ್ರಿಯ ಬಸ್ಸು ಹತ್ತು, ತುಮಕೂರು ರಸ್ತೆಯಲ್ಲೇ ಇಳಿ, ಪಾಪಯ್ಯ ನಿಂತಿರುತ್ತಾನೆ. ಒಬ್ಬಳೇ ನಡೆದು ಬರಬೇಡ. ಕ್ಷೇಮ ಎಂಬ ಸಾಲಿಗೆ ಈ ಸಲವೂ ಜಾಗ ಉಳಿಯಲಿಲ್ಲ.

ಹದಿನಾಲ್ಕು ಮಕ್ಕಳ ತಾಯಂದಿರಿಗೂ ಬಾವಿಯ ಓಣಿಯವರಿಗೂ ನಾನೇ ಮನೆಮನೆಗೆ ಹೋಗಿ ಹೇಳಿದ್ದೇನೆ. ಬಸಲಿಂಗನಿಗೂ ಹೇಳಿದ್ದೇನೆ, ಕದ್ದು ಕೇಳುವುದು ಬೇಡ, ಬಂದು ಕೇಳು ಎಂದು. ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಕಾಗದ ಓದುವ ಸಭೆ ಕೋಳಿಗೂಡಿನ ಮುಂದೆ. ಟ್ರಾಲಿ ಬರುವುದು ಎರಡಕ್ಕೆ. ನಾವು ಸೇರುವುದು ನವೆಂಬರ್ ಇಪ್ಪತ್ತನಾಲ್ಕು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.

ಚನ್ನಕ್ಕ